ಅಥ್ಲೀಟ್‌ಗೆ ಫೌಂಡೇಶನ್ ನೆರವು ಕೇಳುವ ಮುನ್ನ: ತುಮಕೂರಿನ ಪಿ.ಇ. ಮೇಷ್ಟ್ರುಗಳಿಗೆ, ಹೆತ್ತವರಿಗೆ

ಹಾರ, ಶಾಲು, ಗೆದ್ದ ಕಪ್ ಹಿಡಿದ ಫೋಟೊಗಳನ್ನೇ ತುಂಬಿಸಿ ಕಳಿಸಿದ ಅರ್ಜಿ ಸಾಮಾನ್ಯವಾಗಿ ಮೂಲೆ ಸೇರುತ್ತದೆ. ಗೀತ್ ಸೇಥಿ, ಪ್ರಕಾಶ್ ಪಡುಕೋಣೆ 2001ರಲ್ಲಿ ಕಟ್ಟಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಇರಲಿ, ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ಇರಲಿ, ಇಂಥ ಸಂಸ್ಥೆಗಳ ಮುಂದೆ ನಿಲ್ಲುವಾಗ ಕೈಯಲ್ಲಿರಬೇಕಾದ್ದು ಎರಡು ವರ್ಷದಲ್ಲಿ ಮಗು ಎಷ್ಟು ಸುಧಾರಿಸಿದೆ ಎಂಬ ಲೆಕ್ಕ.

ಆ ಲೆಕ್ಕಕ್ಕೆ 200 ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಸ್ಪರ್ಧೆಗೂ ಒಂದು ಸಾಲು: ದಿನಾಂಕ, ಮೈದಾನ, ಮಣ್ಣಿನ ಟ್ರ್ಯಾಕೋ ಸಿಂಥೆಟಿಕ್ಕೋ, ಹೀಟ್ಸೋ (ಫೈನಲ್‌ಗೆ ಮುಂಚಿನ ಸುತ್ತು) ಫೈನಲ್ಲೋ, ಟೈಮಿಂಗ್, ಗಾಳಿ. ಟೈಮಿಂಗ್ ಪಕ್ಕದಲ್ಲಿ ‘ಕೈ’ ಅಥವಾ ‘ಎಲೆಕ್ಟ್ರಾನಿಕ್’ ಎಂದು ಬರೆಯಲೇಬೇಕು. ಬಹಳ ಅರ್ಜಿಗಳು ಎಡವುವುದು ಇಲ್ಲಿಯೇ. ಸ್ಟಾಪ್‌ವಾಚ್ ಹಿಡಿದವರ ಹೆಬ್ಬೆರಳು ಗನ್ನಿನ ಹೊಗೆ ಕಂಡ ಮೇಲೆ ಒತ್ತುತ್ತದೆ, ಆದ್ದರಿಂದ ಸಮಯ ಕಡಿಮೆ ಬರುತ್ತದೆ. 100 ಮತ್ತು 200 ಮೀಟರ್‌ಗೆ 0.24 ಸೆಕೆಂಡ್, 400ಕ್ಕೆ 0.14 ಸೇರಿಸಿ ಹೋಲಿಸುವುದು ರೂಢಿ. ಹಾಗಾಗಿ ಶಾಲಾ ಮೈದಾನದ 12.4 ಅನ್ನು 12.64 ಎಂದೇ ಓದುತ್ತಾರೆ. 100, 200 ಮೀಟರ್ ಓಟಕ್ಕೂ ಲಾಂಗ್ ಜಂಪಿಗೂ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದ್ದರೆ ಅದು ದಾಖಲೆಗೆ ಬಾರದು. ಎಸೆತದವರು ತೂಕ ಬರೆಯಿರಿ: 18ರೊಳಗಿನ ಹುಡುಗರ ಜಾವೆಲಿನ್ 700 ಗ್ರಾಂ, ಹಿರಿಯ ಪುರುಷರದು 800. ವರ್ಷಕ್ಕೆ ಎರಡು ಮೂರು ಸಲವಾದರೂ ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಮೀಟ್‌ಗೆ ಕರೆದೊಯ್ಯಿರಿ. ಬೆಂಗಳೂರು ಇಲ್ಲಿಂದ ಸುಮಾರು 70 ಕಿ.ಮೀ. ಅಷ್ಟೇ.

ಜನ್ಮದಿನಾಂಕ ಆಧಾರ್, ಜನನ ಪ್ರಮಾಣಪತ್ರ, ಅಂಕಪಟ್ಟಿ ಮೂರರಲ್ಲೂ ಒಂದೇ ಇರಲಿ. ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ‘ಜೂನ್ 1’ ಮುಂದೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ಎಡ ಮಣಿಕಟ್ಟಿನ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ಅಂದಾಜು ಮಾಡುವ ಪರೀಕ್ಷೆಯೂ ಇದೆ. ವಯಸ್ಸು ಕಡಿಮೆ ತೋರಿಸಿ ಗೆದ್ದದ್ದು ಹೊರಬಿದ್ದರೆ ಮಗುವಿನ ದಾರಿಯೇ ಮುಚ್ಚುತ್ತದೆ. ದಯವಿಟ್ಟು ಆ ಆಸೆಗೆ ಬೀಳಬೇಡಿ.

ಬಜೆಟ್ ಬರೆಯುವಾಗ ‘ಸಹಾಯ ಮಾಡಿ’ ಎನ್ನಬೇಡಿ, ಇಂತಿಷ್ಟು ಎನ್ನಿ. ವಾರಕ್ಕೆ 60 ಕಿ.ಮೀ. ಓಡುವ ಹುಡುಗಿಯ ಶೂ 600 ಕಿ.ಮೀ.ಗೆ ಸವೆದರೆ ಹತ್ತು ವಾರಕ್ಕೆ ಒಂದು ಜೊತೆ, ವರ್ಷಕ್ಕೆ ಐದು. ಸವೆದ ಶೂನಲ್ಲೇ ಓಡಿಸಿದರೆ ಮೊಣಕಾಲಿನ ಕೆಳಗೆ ನೋವು ಶುರುವಾಗಬಹುದು. ಆಗ ಫಿಸಿಯೊ ಖರ್ಚು ಶೂ ಖರ್ಚನ್ನು ಮೀರುತ್ತದೆ. ಊಟದ್ದೂ ಹಾಗೇ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಎಂದು ಹಿಡಿದರೆ 50 ಕೆ.ಜಿ. ಹುಡುಗಿಗೆ 80 ಗ್ರಾಂ. ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು ಸೇರಿದರೂ 40 ಗ್ರಾಂ. ಉಳಿದದ್ದು ಹುರುಳಿ, ಅವರೆ, ಮುದ್ದೆ, ಕೋಳಿಯಿಂದ ಬರಬೇಕು. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ ತೋರಿಸುವ) ಪರೀಕ್ಷೆಯನ್ನೂ ಬಜೆಟ್ಟಿಗೆ ಸೇರಿಸಿ. ಕಬ್ಬಿಣದಂಶ ಇಳಿದಿದ್ದರೆ ಯಾವ ತರಬೇತಿಯೂ ಮೈಗೆ ಹತ್ತುವುದಿಲ್ಲ.

ಡೋಪಿಂಗ್ ಎಂದರೆ ಸ್ಟೀರಾಯ್ಡ್ ಮಾತ್ರ ಎಂದುಕೊಳ್ಳಬೇಡಿ. ಜ್ವರ ಬಂದಾಗ ಊರ ಕ್ಲಿನಿಕ್ಕಿನಲ್ಲಿ ಸುಸ್ತಿಗೆಂದು ಏರಿಸುವ ಗ್ಲೂಕೋಸ್ ಬಾಟಲ್ ಸಹ ನಿಯಮ ಮುರಿಯಬಹುದು. 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ಡ್ರಿಪ್ ನಿಷಿದ್ಧ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆಯಂಥ ಸಂದರ್ಭಗಳಿಗಷ್ಟೇ ವಿನಾಯಿತಿ. ಬಾಟಲ್ 500 ಮಿ.ಲೀ. ಇರುತ್ತದೆ ಎಂಬುದು ನೆನಪಿರಲಿ. ‘ಇದು ಅಥ್ಲೀಟ್’ ಎಂದು ಡಾಕ್ಟರಿಗೆ ಮೊದಲೇ ಹೇಳಿ, ಚೀಟಿ ಉಳಿಸಿಕೊಳ್ಳಿ. ಜಿಮ್‌ನವರು ಕೊಟ್ಟ ಡಬ್ಬಿಯ ಪುಡಿ ಬೇಡವೇ ಬೇಡ. ದೇಹದಲ್ಲಿ ಸಿಕ್ಕಿದ್ದಕ್ಕೆ ಅಥ್ಲೀಟೇ ಹೊಣೆ, ‘ಗೊತ್ತಿರಲಿಲ್ಲ’ ಎಂದರೆ ತಪ್ಪಿಸಿಕೊಳ್ಳಲಾಗದು.

ಅರ್ಜಿ ಎರಡು ಪುಟ ಮೀರದಿರಲಿ. ಮೊದಲ ಪುಟದಲ್ಲಿ ಸಾಧನೆಯ ಸಾಲುಗಳು, ಎರಡನೆಯದರಲ್ಲಿ ಬಜೆಟ್. ಫಲಿತಾಂಶದ ಹಾಳೆಗಳು ಅಡಕ. ನೆರವು ಬಂದ ಮೇಲೆ ಬಿಲ್‌ಗಳನ್ನು ತಿಂಗಳವಾರು ಕವರ್‌ನಲ್ಲಿಟ್ಟು, ನೋಟ್‌ಬುಕ್ಕಿನ ಆ ತಿಂಗಳ ಪುಟದ ಫೋಟೊ ಜೊತೆ ಕಳಿಸಿ. ಗಾಯವಾದರೆ ಮುಚ್ಚಿಡದೆ ಅದೇ ವಾರ ತಿಳಿಸಿ, ಸ್ಕ್ಯಾನ್ ಮಾಡಿಸಲು ಫೌಂಡೇಶನ್‌ನ ಡಾಕ್ಟರು ಸಿಗುವುದು ಆಗಲೇ.