ಭುಜ ಜಾರಿದರೆ ನರವನ್ನೂ ಪರೀಕ್ಷಿಸಿಕೊಳ್ಳುವ ಬಗೆ

ಕುಸ್ತಿ ಕಣದಲ್ಲಿ ಬಿದ್ದೋ, ಕಬ್ಬಿನ ಟ್ರೇಲರ್ ಮೇಲಿಂದ ಜಾರಿಯೋ ಭುಜದ ಕೀಲು ತಪ್ಪಿಸಿಕೊಂಡವರು ಬೆಳಗಾವಿ ಸೀಮೆಯಲ್ಲಿ ಅಪರೂಪವಲ್ಲ. ಕೀಲು ಕೂಡಿ ನೋವು ಇಳಿದರೆ ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಭುಜದ ದುಂಡು ಸ್ನಾಯುವನ್ನು ಆಡಿಸುವ, ತೋಳಿನ ಮೇಲ್ಭಾಗದ ಹೊರಬದಿಗೆ ಸ್ಪರ್ಶ ಕೊಡುವ ಆಕ್ಸಿಲರಿ ನರವು ರಟ್ಟೆಯ ಎಲುಬಿನ ಕುತ್ತಿಗೆಯನ್ನು ಹಿಂದಿನಿಂದ ಸುತ್ತಿ ಬರುತ್ತದೆ; ಅದು ಎಲುಬಿನ ಗುಂಡು ಮುಂದಕ್ಕೆ ಜಾರಿದಾಗ ಜಗ್ಗಿಹೋಗಿರಬಹುದು, ಮತ್ತು ಆ ಪೆಟ್ಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಆದ್ದರಿಂದ ಕೈಯನ್ನು ಯಾರಿಂದಲೂ ಜಗ್ಗಿಸದೆ, ಟವೆಲ್‌ನಿಂದ ಕೊರಳಿಗೆ ಇಳಿಬಿಟ್ಟು ಆಸ್ಪತ್ರೆಗೆ ಹೋಗಿ. ಬೆರಳು ತಣ್ಣಗಾಗಿದ್ದರೆ ಅಥವಾ ಮಣಿಕಟ್ಟಿನ ನಾಡಿ ಸಿಗದಿದ್ದರೆ ರಕ್ತನಾಳಕ್ಕೂ ಪೆಟ್ಟಾಗಿರಬಹುದು; ಆಗ ಒಂದು ಗಳಿಗೆಯೂ ತಡ ಸಲ್ಲದು.

ನರದ ಪರೀಕ್ಷೆ ಕೀಲು ಕೂಡಿಸುವ ಮೊದಲೊಮ್ಮೆ, ಕೂಡಿಸಿದ ಮೇಲೊಮ್ಮೆ ಆಗಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಈ ಊರಿನವರಿಗೆ ಸೈನಿಕರ ತೋಳಿನ ಬಿಲ್ಲೆ ಪರಿಚಿತವೇ. ಆ ಬಿಲ್ಲೆ ಕೂರುವ ಹೊರಬದಿಯ ಚರ್ಮವನ್ನು ಹತ್ತಿಯಿಂದ ಸವರಿ, ಇನ್ನೊಂದು ತೋಳಿನಷ್ಟೇ ಗೊತ್ತಾಗುತ್ತದೆಯೇ, ಜೋಮು ಹಿಡಿದಂತಿದೆಯೇ ಎಂದು ವೈದ್ಯರು ಕೇಳುತ್ತಾರೆ. ಸ್ಪರ್ಶ ಸರಿಯಿದ್ದರೂ ಸ್ನಾಯು ಸೋತಿರಬಹುದಾದ್ದರಿಂದ, ಮೊಣಕೈಯನ್ನು ಹೊರಕ್ಕೆ ಒತ್ತಿಸಿ ಭುಜದ ದುಂಡು ಸ್ನಾಯು ಬಿಗಿಯುತ್ತದೆಯೇ ಎಂದು ಕೈಯಿಟ್ಟು ನೋಡುವುದೂ ಅಗತ್ಯ. ನಲವತ್ತು ದಾಟಿದವರಲ್ಲಿ ಕೈ ಏಳದಿರಲು ಭುಜದ ಸ್ನಾಯುರಜ್ಜು ಹರಿದಿರುವುದೂ ಕಾರಣವಾಗಬಹುದು. ಈ ಫಲಿತಾಂಶವನ್ನು ದಿನಾಂಕದೊಂದಿಗೆ ಚೀಟಿಯಲ್ಲಿ ಬರೆಸಿಕೊಳ್ಳಿ; ಕೇಳಲು ಸಂಕೋಚ ಬೇಡ, ಮುಂದಿನ ಲೆಕ್ಕವೆಲ್ಲ ಆ ದಿನದಿಂದಲೇ.

ಹೆಚ್ಚಿನವರಲ್ಲಿ ನರ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಒಳಗಿನ ತಂತು ಕಡಿದಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಇಂಚಿನಷ್ಟು. ಮೂರು ವಾರಗಳಾದರೂ ಬಲಹೀನತೆ ಉಳಿದಿದ್ದರೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಮತ್ತು ನರವಾಹಕತೆಯ (ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆಂದು ನೋಡುವ) ಪರೀಕ್ಷೆ ಮಾಡಿಸಬೇಕು. ಅದಕ್ಕಿಂತ ಮೊದಲೇ ಮಾಡಿಸಿದರೆ ಹಾನಿಯ ಆಳ ಸರಿಯಾಗಿ ತಿಳಿಯುವುದಿಲ್ಲ. ಮೂರು ತಿಂಗಳಾದರೂ ಸ್ನಾಯು ಮಿಸುಕದಿದ್ದರೆ ನರದ ಶಸ್ತ್ರಚಿಕಿತ್ಸಕರನ್ನು ಕಾಣಿರಿ. ಶಸ್ತ್ರಕ್ರಿಯೆ ಬೇಕಾದರೆ ಆರು ತಿಂಗಳೊಳಗೆ ಆಗುವುದು ಲೇಸು, ಏಕೆಂದರೆ ನರದ ಸಂಪರ್ಕವಿಲ್ಲದೆ ವರ್ಷಕ್ಕೂ ಮೀರಿ ಉಳಿದ ಸ್ನಾಯು ಮತ್ತೆ ಬಲ ಪಡೆಯುವುದು ಕಷ್ಟ.

ಕಾಯುವ ಕಾಲದಲ್ಲಿ, ವೈದ್ಯರು ಅನುಮತಿಸಿದ ಮೇಲೆ, ಇನ್ನೊಂದು ಕೈಯ ಆಸರೆಯಿಂದ ಭುಜವನ್ನು ದಿನವೂ ಆಡಿಸದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಎಣ್ಣೆ ತಿಕ್ಕಿದರೆ ನರ ಎಚ್ಚೆತ್ತುಕೊಳ್ಳುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಜೋಮು ಹಿಡಿದ ಜಾಗಕ್ಕೆ ಕಾಸಿದ ಇಟ್ಟಿಗೆಯ ಶಾಖವನ್ನಂತೂ ಕೊಡಲೇಬೇಡಿ: ಬಟ್ಟೆ ಸುತ್ತಿದ್ದರೂ ಬಿಸಿ ಗೊತ್ತಾಗದೆ ಚರ್ಮ ಬೊಬ್ಬೆಯೇಳುತ್ತದೆ.