ಮೊದಲ ವರ್ಷದ ಕಂಪ್ಯೂಟರ್ ವಿಜ್ಞಾನ: ಪ್ರೋಗ್ರಾಂ ಅನ್ನು ಕಾಗದದ ಮೇಲೆ ಓಡಿಸುವುದು ಹೇಗೆ?

ಪ್ರಯೋಗಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಬೆನ್ನ ಹಿಂದೆ ನಿಂತು ನೋಡಿದವರಿಗೆಲ್ಲ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಪ್ರೋಗ್ರಾಂ ತಪ್ಪು ಉತ್ತರ ಕೊಡುತ್ತದೆ. ವಿದ್ಯಾರ್ಥಿಯು ‘ಕಡಿಮೆ’ ಎಂಬ ಚಿಹ್ನೆಯನ್ನು ‘ಕಡಿಮೆ ಅಥವಾ ಸಮ’ ಎಂದು ಬದಲಿಸಿ ಓಡಿಸುತ್ತಾನೆ, ಆಗದಿದ್ದರೆ ಎಲ್ಲೋ ಒಂದನ್ನು ಕೂಡಿಸುತ್ತಾನೆ, ಅದಕ್ಕೂ ಬಗ್ಗದಿದ್ದರೆ ಒಂದನ್ನು ಕಳೆಯುತ್ತಾನೆ. ಕೊನೆಗೊಮ್ಮೆ ಸರಿಯುತ್ತರ ಬಂದರೂ ಅದು ಏಕೆ ಬಂತೆಂದು ಹೇಳಲು ಅವನಿಗೆ ತಿಳಿಯುವುದಿಲ್ಲ. ಈ ಅಭ್ಯಾಸ ಬೇರೂರದಂತೆ ಓದನ್ನು ಆರಂಭಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹಂತದಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಆರಿಸಿಕೊಂಡು ಆ ಚರ್ಚೆಯನ್ನು ಅಲ್ಲಿಗೇ ಮುಗಿಸಬೇಕು. ಪಠ್ಯಕ್ರಮ ನಿಗದಿ ಮಾಡಿದ್ದರೆ ಅದನ್ನೇ ಹಿಡಿಯಿರಿ. ಆಯ್ಕೆ ನಿಮ್ಮದಾದರೆ ಪೈಥಾನ್‌ನಿಂದ ಆರಂಭಿಸಿ, ನಂತರ ಸಿ ಕಲಿಯಿರಿ. ‘ಮೂವತ್ತು ದಿನಗಳಲ್ಲಿ ಪರಿಣತಿ’ ಎಂದು ಮಾರುವ ದುಬಾರಿ ಕೋರ್ಸುಗಳಿಗೆ ಹಣ ಸುರಿಯಬೇಡಿ. ಅವು ಹೆಚ್ಚಾಗಿ ಹೇಳಿಕೊಡುವ ಭಾಷೆಯ ವ್ಯಾಕರಣವು ಉಚಿತವಾಗಿ ಸಿಗುವ ಅಧಿಕೃತ ಕೈಪಿಡಿಯಲ್ಲಿಯೇ ಇರುತ್ತದೆ.

ಎರಡನೆಯ ಹಂತದಲ್ಲಿ ಪ್ರೋಗ್ರಾಂ ಬರೆಯಲು ಸರಳವಾದ ಎಡಿಟರ್ ಒಂದನ್ನು ಹಾಕಿಕೊಂಡು, ಸಾಲನ್ನು ತಾನೇ ಪೂರ್ತಿ ಮಾಡುವ ಸೌಲಭ್ಯವನ್ನು ಮೊದಲ ಸೆಮಿಸ್ಟರ್ ಮುಗಿಯುವವರೆಗೆ ಆಫ್ ಮಾಡಿಡಿ.

ಮೂರನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಕೊಡುವ ಮೊದಲು ಪೆನ್ಸಿಲ್ ಹಿಡಿದು ನೀವೇ ಓಡಿಸಬೇಕು. ಬೈನರಿ ಸರ್ಚ್ ಅನ್ನೇ ತೆಗೆದುಕೊಳ್ಳಿ: ಕ್ರಮವಾಗಿ ಜೋಡಿಸಿದ ಪಟ್ಟಿಯ ನಡುವಿನ ಸಂಖ್ಯೆಯನ್ನು ನೋಡಿ, ಬೇಡದ ಅರ್ಧವನ್ನು ಬಿಟ್ಟು ಉಳಿದರ್ಧದಲ್ಲಿ ಹುಡುಕುತ್ತಾ ಹೋಗುವ ವಿಧಾನವಿದು. ಏರಿಕೆಯ ಕ್ರಮದಲ್ಲಿ 3, 8, 12, 19, 27, 34, 41 ಎಂಬ ಏಳು ಸಂಖ್ಯೆಗಳಿವೆ. ಅವುಗಳ ಸ್ಥಾನ 0ಯಿಂದ 6ರವರೆಗೆ. ಕಾಗದದ ಮೇಲೆ ಎಡ, ಬಲ, ನಡು ಎಂದು ಮೂರು ಕಂಬಸಾಲುಗಳನ್ನು ಎಳೆಯಿರಿ. ಎಡ, ಬಲ ಎಂದರೆ ಇನ್ನೂ ಹುಡುಕಬೇಕಾದ ಭಾಗದ ಮೊದಲ ಮತ್ತು ಕೊನೆಯ ಸ್ಥಾನಗಳು. ಎಡ ಮತ್ತು ಬಲವನ್ನು ಕೂಡಿಸಿ ಎರಡರಿಂದ ಭಾಗಿಸಿ, ಶೇಷವನ್ನು ಬಿಟ್ಟರೆ ನಡು ಸಿಗುತ್ತದೆ. ನಡುವಿನ ಸಂಖ್ಯೆಯು ಹುಡುಕುವ ಸಂಖ್ಯೆಗಿಂತ ಚಿಕ್ಕದಾಗಿದ್ದಾಗ ಹಲವರು ‘ಎಡ = ನಡು’ ಎಂದು ಬರೆಯುತ್ತಾರೆ. ಹಾಗೆಯೇ ಬರೆದು 34 ಅನ್ನು ಹುಡುಕಿ ನೋಡಿ: ಮೊದಲ ಸಾಲು 0, 6, 3; ಎರಡನೆಯದು 3, 6, 4; ಮೂರನೆಯದು 4, 6, 5. ಐದನೆಯ ಸ್ಥಾನದಲ್ಲಿ 34 ಸಿಕ್ಕಿತು. ಇಲ್ಲಿಗೆ ಕಾಗದ ಮಡಚಿಟ್ಟವರು ಮೋಸಹೋಗುತ್ತಾರೆ, ಏಕೆಂದರೆ ಅದೇ ಪ್ರೋಗ್ರಾಂನಲ್ಲಿ 41 ಅನ್ನು ಹುಡುಕಿದರೆ ನಾಲ್ಕನೆಯ ಸಾಲು 5, 6, 5 ಆಗುತ್ತದೆ, ಐದನೆಯದೂ 5, 6, 5 ಆಗುತ್ತದೆ, ಮತ್ತು ಅದು ಹಾಗೆಯೇ ಕೊನೆಯಿಲ್ಲದೆ ಸುತ್ತುತ್ತದೆ. ‘ಎಡ = ನಡು + 1’ ಎಂದು ತಿದ್ದಿದರೆ ಸಾಲುಗಳು 0, 6, 3; 4, 6, 5; 6, 6, 6 ಎಂದಾಗಿ ಮೂರನೆಯ ಸಾಲಿನಲ್ಲಿ 41 ಸಿಗುತ್ತದೆ. ಆದ್ದರಿಂದ ಮಧ್ಯದ ಒಂದು ಸಂಖ್ಯೆಯನ್ನು ಹುಡುಕಿ ತೃಪ್ತರಾಗಬೇಡಿ. ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ಪಟ್ಟಿಯಲ್ಲಿಲ್ಲದ ಸಂಖ್ಯೆ ಮತ್ತು ಬರಿದಾದ ಪಟ್ಟಿ, ಈ ನಾಲ್ಕನ್ನೂ ಓಡಿಸಿ. ಎಐ ಚಾಟ್‌ಬಾಟ್ ಇದನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ, ನಿಜ. ಆದರೆ ಕಂಬಸಾಲುಗಳನ್ನು ನೀವು ತುಂಬುವ ಮೊದಲು ಅದನ್ನು ಕೇಳಬೇಡಿ.

ಗಣಿತವನ್ನು ಪ್ರತ್ಯೇಕ ಶಿಕ್ಷೆಯೆಂದು ಭಾವಿಸುವವರು ಅದೇ ಕಾಗದವನ್ನು ಮತ್ತೊಮ್ಮೆ ನೋಡಲಿ. ತಿದ್ದಿದ ಪ್ರೋಗ್ರಾಂನಲ್ಲಿ ಬಲ ಮತ್ತು ಎಡದ ನಡುವಿನ ಅಂತರವು ಪ್ರತಿ ಸುತ್ತಿನಲ್ಲೂ ಕಡಿಮೆಯಾಗುತ್ತದೆ, ಹೀಗಾಗಿ ಅದು ನಿಲ್ಲಲೇಬೇಕು. ಇದೊಂದು ಗಣಿತದ ಪುರಾವೆ (ಪ್ರೂಫ್), ಡಿಸ್ಕ್ರೀಟ್ ಗಣಿತದ (ಪೂರ್ಣಾಂಕಗಳಂಥ ಬಿಡಿಬಿಡಿಯಾದವುಗಳ ಗಣಿತದ) ತರಗತಿಯಲ್ಲಿ ಬರೆಸುವುದೂ ಇಂಥದ್ದನ್ನೇ. ಪ್ರತಿ ಸುತ್ತಿನಲ್ಲಿ ಪಟ್ಟಿ ಅರ್ಧವಾಗುವುದರಿಂದ ಹತ್ತು ಲಕ್ಷ ಸಂಖ್ಯೆಗಳಿದ್ದರೂ 20 ಸುತ್ತುಗಳು ಸಾಕು. ನುರಿತವರೂ ಇದರಲ್ಲಿ ತಪ್ಪಿದ್ದುಂಟು: ಜಾವಾ ಭಾಷೆಯ ಲೈಬ್ರರಿಯಲ್ಲಿದ್ದ (ಭಾಷೆಯೊಂದಿಗೇ ಸಿಗುವ ಸಿದ್ಧ ಪ್ರೋಗ್ರಾಂಗಳ ಸಂಗ್ರಹದಲ್ಲಿದ್ದ) ಬೈನರಿ ಸರ್ಚ್‌ನ ದೋಷವೊಂದು 2006ರಲ್ಲಿ ಬಹಿರಂಗವಾಯಿತು. ಪಟ್ಟಿ ಅತಿ ದೊಡ್ಡದಾದಾಗ ಎಡ ಮತ್ತು ಬಲದ ಮೊತ್ತವು ಅಲ್ಲಿನ ಪೂರ್ಣಾಂಕದ ಗರಿಷ್ಠ ಮಿತಿಯಾದ 2147483647 ಅನ್ನು ಮೀರಿ ಋಣಸಂಖ್ಯೆಯಾಗುತ್ತಿತ್ತು. ಪೈಥಾನ್‌ನ ಪೂರ್ಣಾಂಕಗಳಿಗೆ ಅಂಥ ಮಿತಿಯಿಲ್ಲ, ಸಿ ಭಾಷೆಯಲ್ಲಿ ಇದೆ. ಎರಡನ್ನೂ ಕಲಿಯಿರಿ ಎಂದದ್ದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯ ಹಂತದಲ್ಲಿ ದೋಷ ಸಂದೇಶವನ್ನು ಓದಲು ಕಲಿಯಬೇಕು. ಪೈಥಾನ್ ತೋರಿಸುವ ಸಂದೇಶವನ್ನು ಕೆಳಗಿನಿಂದ ಓದಿ, ತಪ್ಪಿನ ಬಗೆ ಕೊನೆಯ ಸಾಲಿನಲ್ಲಿರುತ್ತದೆ. ಸಿ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಇಪ್ಪತ್ತು ತಪ್ಪುಗಳನ್ನು ತೋರಿಸಿದರೆ ಮೊದಲನೆಯದನ್ನಷ್ಟೇ ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ, ಉಳಿದವು ಅದರ ಬೆನ್ನಿಗೆ ಹುಟ್ಟಿದವಾಗಿರಬಹುದು.

ಇಷ್ಟಾದರೂ ಬಗೆಹರಿಯದಿದ್ದರೆ ಅಧ್ಯಾಪಕರನ್ನೋ ಸಹಪಾಠಿಗಳನ್ನೋ ಕೇಳಲು ಸಂಕೋಚ ಬೇಡ. ತಪ್ಪು ಕಾಣಿಸುವಷ್ಟು ಚಿಕ್ಕ ಪ್ರೋಗ್ರಾಂ, ಕೊಟ್ಟ ಸಂಖ್ಯೆಗಳು, ನಿರೀಕ್ಷಿಸಿದ ಉತ್ತರ ಮತ್ತು ಬಂದ ಉತ್ತರವನ್ನು ಒಟ್ಟಿಗೆ ಕಳುಹಿಸಿ. ಪರದೆಯ ಫೋಟೊ ತೆಗೆದು ಮಾತ್ರ ಕಳುಹಿಸಬೇಡಿ. ಫೋಟೊದಲ್ಲಿರುವ ಪ್ರೋಗ್ರಾಂ ಅನ್ನು ಯಾರಿಗೂ ಓಡಿಸಿ ನೋಡಲಾಗುವುದಿಲ್ಲ.