ಮನೆಗೆಲಸಕ್ಕೆ ಹೊರರಾಜ್ಯದವರನ್ನು ಏಜೆನ್ಸಿ ಮೂಲಕ ಕರೆಸಿಕೊಂಡಿದ್ದು: ನನ್ನ ಅನುಭವ

ದಾವಣಗೆರೆಯಲ್ಲಿ ಕಸ-ಮುಸುರೆಗೆ ಬರುವವರು ಸಿಗುತ್ತಾರೆ. ಬೆಳಿಗ್ಗೆ ಬಂದು ಕೆಲಸ ಮುಗಿಸಿ ಮುಂದಿನ ಮನೆಗೆ ಹೋಗುತ್ತಾರೆ. ಮನೆಯಲ್ಲೇ ಉಳಿದು, ರಾತ್ರಿ ಎದ್ದು ಹಾಸಿಗೆ ಹಿಡಿದವರ ಆರೈಕೆ ಮಾಡುವವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಅವರಿಗೂ ಮನೆ, ಮಕ್ಕಳು ಇರುತ್ತಾರಲ್ವಾ. ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮೇಲೆ ನಮಗೆ ಬೇಕಾಗಿದ್ದು ಅಂಥವರೇ. ನಾನು ಪಾಠ ಮಾಡೋಕೆ ಕಾಲೇಜಿಗೆ ಹೋಗಬೇಕು, ಯಜಮಾನರು ಚೌಕಿಪೇಟೆಯ ಅಂಗಡಿ ನೋಡಬೇಕು.

ಪರಿಚಯದವರೆಲ್ಲ ಹೇಳಿದ್ದು ಒಂದೇ: ಬೆಂಗಳೂರಿನ ಏಜೆನ್ಸಿಗೆ ಫೋನ್ ಮಾಡಿ, ಜಾರ್ಖಂಡ್, ಛತ್ತೀಸ್‌ಗಢ, ಅಸ್ಸಾಂ ಕಡೆಯವರನ್ನು ಕಳಿಸುತ್ತಾರೆ. ಫೋನ್ ಮಾಡಿದೆ. ಮೊದಲು ಮಾತಾಡಿದ ಏಜೆನ್ಸಿಯವನು ನಾಳೆಯೇ ಕಳಿಸ್ತೀನಿ ಅಂದ. ಸಂಬಳ ನನ್ನ ಖಾತೆಗೆ ಹಾಕಿ, ನಾನೇ ಅವರ ಮನೆಗೆ ಕಳಿಸ್ತೀನಿ ಅಂತಲೂ ಸೇರಿಸಿದ. ಆ ಎರಡನೇ ಮಾತಿಗೇ ಅವನನ್ನು ಬಿಟ್ಟೆ. ದುಡಿಯುವವರ ಸಂಬಳ ನಡುವಿನವನ ಕೈ ದಾಟಿ ಹೋಗಬೇಕು ಅನ್ನುವ ಕಡೆ, ಉಳಿದ ಕಾಗದ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ಲೈಸೆನ್ಸ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಯಾವುದರ ಲೈಸೆನ್ಸ್ ಅಂತ ಕೇಳಬೇಕು. ನನಗೆ ವಾಟ್ಸಾಪಿನಲ್ಲಿ ಬಂದ ಕಾಗದಗಳಲ್ಲಿ ಹೆಚ್ಚಿನವು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಮಾಡಿಸಿದ ನೋಂದಣಿ. ಇಂಥ ಕಡೆ ಒಂದು ಕಚೇರಿ ಇದೆ ಅನ್ನೋದಕ್ಕೆ ಅದು ಸಾಕ್ಷಿ, ಅಷ್ಟೇ. ಬಟ್ಟೆ ಅಂಗಡಿಗೂ ಅದೇ ಕಾಗದ. ಜಿಎಸ್‌ಟಿ ನಂಬರನ್ನು ಜಾಲತಾಣದಲ್ಲಿ ಹಾಕಿ ನೋಡಿದರೆ ಸಂಸ್ಥೆಯ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಒಬ್ಬರು ಕೊಟ್ಟ ನಂಬರಿಗೆ ಬೇರೆಯೇ ಹೆಸರು ಬಂತು.

ಕೆಲಸದವರು ಹೊರಡುವ ರಾಜ್ಯದ ಕಾನೂನನ್ನೂ ನೋಡಬೇಕು. ಜಶ್‌ಪುರ, ಸರ್ಗುಜಾ ಕಡೆಯ ಬಡ ಹೆಣ್ಣುಮಕ್ಕಳನ್ನು ಕೆಲಸ ಕೊಡಿಸುತ್ತೇವೆ ಅಂತ ದಿಲ್ಲಿಗೆ ಕರೆದೊಯ್ದು ಮಾರಿದ ಪ್ರಕರಣಗಳು ಒಂದೆರಡಲ್ಲ. ಅದಕ್ಕೇ ಛತ್ತೀಸ್‌ಗಢ 2013ರಲ್ಲಿ ಖಾಸಗಿ ಪ್ಲೇಸ್‌ಮೆಂಟ್ ಏಜೆನ್ಸಿಗಳಿಗೆಂದೇ ಕಾಯ್ದೆ ಮಾಡಿತು. ಲೈಸೆನ್ಸ್ ಇಲ್ಲದೆ ಆ ವ್ಯವಹಾರ ಮಾಡುವಂತಿಲ್ಲ. ಜಾರ್ಖಂಡ್ ಕೂಡ 2016ರಲ್ಲಿ ಇಂಥದ್ದೇ ಕಾಯ್ದೆ ತಂದಿತು. ಕೊನೆಗೆ ನಾವು ಒಪ್ಪಿದ ಏಜೆನ್ಸಿಯಾಕೆ ಇಲ್ಲಿಯ ನೋಂದಣಿ, ಜಿಎಸ್‌ಟಿ, ಛತ್ತೀಸ್‌ಗಢದ ಲೈಸೆನ್ಸ್ ಮೂರನ್ನೂ ಕೇಳುವ ಮೊದಲೇ ಕಳಿಸಿದರು. ಮಾತು ಕಡಿಮೆ, ರೇಟು ಸ್ವಲ್ಪ ಜಾಸ್ತಿ. ಅವರ ಶುಲ್ಕ ಒಂದು ತಿಂಗಳ ಸಂಬಳದಷ್ಟು, ಅದರ ಮೇಲೆ 18% ಜಿಎಸ್‌ಟಿ. ಬಿಲ್ ಕೊಟ್ಟರು. ಆ ಶುಲ್ಕ ಪೂರ್ತಿ ನಮ್ಮದೇ, ಕೆಲಸಕ್ಕೆ ಬರುವವರ ಸಂಬಳದಲ್ಲಿ ಒಂದು ರೂಪಾಯಿಯೂ ಮುರಿಯಬಾರದು ಅಂತ ಕರಾರಿನಲ್ಲಿ ಬರೆಸಿದೆ.

ಸಂಬಳ 18,000 ಅಂತ ಮಾತಾಯಿತು. ಮಾತಾಡುವ ಮೊದಲು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಕನಿಷ್ಠ ಕೂಲಿಯ ಅಧಿಸೂಚನೆ ಕೇಳಿದ್ದೆ. ನಮ್ಮ ರಾಜ್ಯ ಮನೆಗೆಲಸವನ್ನು 2004ರಲ್ಲೇ ಕನಿಷ್ಠ ಕೂಲಿಯ ಪಟ್ಟಿಗೆ ಸೇರಿಸಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ತುಟ್ಟಿಭತ್ಯೆ ವರ್ಷ ವರ್ಷ ಬದಲಾಗುತ್ತದೆ, ಆದ್ದರಿಂದ ಆ ವರ್ಷದ ದರವನ್ನೇ ಕೇಳಬೇಕು. ಊಟ, ವಸತಿ ಕೊಡ್ತೀವಲ್ಲ, ಸಂಬಳ ಕಡಿಮೆ ಮಾಡಿ ಅಂತ ನಮ್ಮ ನೆಂಟರೊಬ್ಬರು ಸಲಹೆ ಕೊಟ್ಟರು. ರಾತ್ರಿ ಮೂರಕ್ಕೆ ಎದ್ದು ಅತ್ತೆಯನ್ನು ಮಗ್ಗುಲಾಗಿಸುವವರ ಅನ್ನಕ್ಕೆ ಲೆಕ್ಕ ಹಾಕೋಕೆ ನನಗೆ ಮನಸ್ಸು ಬರಲಿಲ್ಲ.

ಕರಾರು ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು. ಅದರಲ್ಲಿ ಬರೆಸಿದ್ದು ಮಾಮೂಲಿ ವಿಷಯಗಳೇ: ಅತ್ತೆಯ ಆರೈಕೆ ಮತ್ತು ಅವರ ಅಡುಗೆ, ಬಟ್ಟೆ ಮಾತ್ರ, ಮನೆಯ ಉಳಿದ ಕೆಲಸ ಅಲ್ಲ. ಮಧ್ಯಾಹ್ನ ನಿದ್ದೆಗೆ ಬಿಡುವು, ಭಾನುವಾರ ರಜೆ, ಹೋಗಿಬರುವ ರೈಲು ಖರ್ಚು ನಮ್ಮದು. ಏಜೆನ್ಸಿಯ ನಮೂನೆಯಲ್ಲಿ ಒಂದು ಸಾಲಿತ್ತು, ಅವಧಿಗೆ ಮುಂಚೆ ಬಿಟ್ಟು ಹೋದರೆ ಕೆಲಸದವರು ದಂಡ ಕಟ್ಟಬೇಕು ಅಂತ. ಅದನ್ನು ಹೊಡೆದು ಹಾಕಿಸಿದೆ. ಸಾಲ ಇಲ್ಲವೇ ಮುಂಗಡದ ಹಗ್ಗ ಹಾಕಿ ಯಾರನ್ನಾದರೂ ಕೆಲಸದಲ್ಲಿ ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಕಾಯ್ದೆ ಅದನ್ನು ನಿಷೇಧಿಸಿದೆ. ಆಧಾರ್ ಕಾರ್ಡಿನ ಅಸಲನ್ನು ನಾವು ಇಟ್ಟುಕೊಳ್ಳಬೇಕು ಅಂತಲೂ ಕೆಲವರು ಹೇಳುತ್ತಾರೆ. ಬೇಡ. ಜೆರಾಕ್ಸ್ ಸಾಕು.

ಜಶ್‌ಪುರ ಜಿಲ್ಲೆಯ ಹಳ್ಳಿಯಿಂದ ಬಂದವರಿಗೆ ಮೂವತ್ತೈದರ ಆಸುಪಾಸು. ವಯಸ್ಸು ಆಧಾರ್‌ನಲ್ಲಿ ನೋಡಿ, ವಿಡಿಯೋ ಕಾಲ್‌ನಲ್ಲಿ ಮುಖವನ್ನೂ ನೋಡಿದ್ದೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ಅಪರಾಧ. ಇಂಥ ಕೆಲಸಕ್ಕೆ ಹದಿನೆಂಟು ತುಂಬದವರು ನಮಗಂತೂ ಬೇಡವೇ ಬೇಡ. ಅದೇ ಕಾಲ್‌ನಲ್ಲಿ ಅವರ ತಾಯಿಗೆ ನಮ್ಮ ಮನೆ, ಮಲಗುವ ಕೋಣೆ, ಅದರ ಒಳಚಿಲಕ ಎಲ್ಲ ತೋರಿಸಿದೆ. ನಮ್ಮ ಆಧಾರ್ ಪ್ರತಿಯನ್ನೂ ಅವರಿಗೆ ಕಳಿಸಿದೆ. ಕೆಲಸಕ್ಕೆ ಬರುವವರ ಬಗ್ಗೆ ಪೊಲೀಸ್ ವಿಚಾರಣೆಗೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದ್ದೆವು. ಹಾಗಾದರೆ ನಮ್ಮ ವಿಚಾರಣೆ ಮಾಡುವವರು ಯಾರು?

ನಮ್ಮ ಅತ್ತೆ ಅವರನ್ನು ತಂಗಿ ಅಂತಲೇ ಕರೆಯುತ್ತಾರೆ, ಅವರು ಅತ್ತೆಗೆ ಅಮ್ಮಾ ಅನ್ನುತ್ತಾರೆ. ಅತ್ತೆಯದು ಅಂಗಡಿಯಲ್ಲಿ ಕಲಿತ ಹಿಂದಿ, ಇವರದು ಊರಿನ ಸಾದ್ರಿ ಭಾಷೆ ಬೆರೆತ ಹಿಂದಿ, ಹೇಗೋ ನಡೆಯುತ್ತದೆ. ನಮ್ಮ ರೊಟ್ಟಿ ಅವರಿಗೆ ಸೇರಲಿಲ್ಲ. ಎರಡು ಹೊತ್ತೂ ಅನ್ನ ಬೇಕು. ನರ್ಗೀಸ್ ಮಂಡಕ್ಕಿ ಮಾತ್ರ ಮೊದಲ ದಿನವೇ ಒಗ್ಗಿತು.

ನಿಜವಾದ ಕೆಲಸ ಬಂದಿದ್ದು ಮೊದಲ ಸಂಬಳದ ಹೊತ್ತಿಗೆ. ಊರಿನಲ್ಲಿ ಖಾತೆ ಇದೆ ಅಂತ ಪಾಸ್‌ಬುಕ್ ತೋರಿಸಿದರು. ಸರಿ, ಅದಕ್ಕೇ ಹಾಕೋಣ ಅಂತ ಹಾಕಿದೆ. ಮೆಸೇಜ್ ಬಂತಾ ಅಂದರೆ ಇಲ್ಲ ಅಂದರು. ಕೇಳಿದಾಗ ತಿಳಿಯಿತು: ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಹಿಂದೊಮ್ಮೆ ಅವರನ್ನು ದಿಲ್ಲಿಗೆ ಕರೆದೊಯ್ದಿದ್ದ ದಲ್ಲಾಳಿಯದು. ಎಟಿಎಂ ಕಾರ್ಡೂ ಅವನ ಹತ್ತಿರವೇ. ದುಡ್ಡು ಬಿದ್ದರೆ ಮೊದಲು ಗೊತ್ತಾಗುವುದು ಅವನಿಗೆ, ತೆಗೆಯುವುದೂ ಅವನೇ. ಖಾತೆಯಲ್ಲಿ ಹೆಸರು ಮಾತ್ರ ಇವರದು.

ತಕ್ಷಣ ಬ್ಯಾಂಕಿಗೆ ಫೋನ್ ಮಾಡಿಸಿ ಕಾರ್ಡ್ ನಿಲ್ಲಿಸಿದೆವು. ಪುಣ್ಯಕ್ಕೆ ದುಡ್ಡು ಖಾತೆಯಲ್ಲೇ ಇತ್ತು. ಮಾರನೇ ದಿನ ಅವರ ಹೆಸರಿನಲ್ಲೇ ಹೊಸ ಸಿಮ್. ಆಧಾರ್‌ಗೂ ಅದೇ ದಲ್ಲಾಳಿಯ ನಂಬರ್ ಜೋಡಿಸಿತ್ತು. ಅಂಚೆ ಕಚೇರಿಯ ಆಧಾರ್ ಕೌಂಟರಿನಲ್ಲಿ ಅದನ್ನು ಬದಲಿಸಿದೆವು. ಅದಕ್ಕೆ ದಾಖಲೆ ಬೇಕಾಗಿಲ್ಲ, ಬೆರಳಚ್ಚು ಸಾಕು. ಆದರೆ ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳುಗಳು. ಯಂತ್ರ ಮತ್ತೆ ಮತ್ತೆ ಬೇಡ ಅಂತು. ಕೌಂಟರಿನ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದೊಂದೇ ಬೆರಳು ಇಡಿಸಿ ನೋಡಿದ. ಕಡೆಗೆ ಎಡಗೈ ಉಂಗುರ ಬೆರಳಿಗೆ ಹಸಿರು ದೀಪ ಹತ್ತಿತು. ಹೊಸ ನಂಬರ್ ಜೋಡಣೆಯಾದ ಮೇಲೆ ಇಲ್ಲಿಯ ಬ್ಯಾಂಕಿನಲ್ಲಿ ಜನಧನ ಖಾತೆ. ಆಧಾರ್‌ನಲ್ಲಿರುವುದು ಛತ್ತೀಸ್‌ಗಢದ ವಿಳಾಸ, ಇಲ್ಲಿ ಆಗಲ್ಲ ಅಂತ ಕ್ಲರ್ಕ್ ಮೊದಲು ಹೇಳಿದರು. ಈಗಿನ ವಿಳಾಸಕ್ಕೆ ಸ್ವಂತ ಘೋಷಣೆ ಬರೆದುಕೊಟ್ಟರೆ ಸಾಕು, ಮ್ಯಾನೇಜರನ್ನು ಒಮ್ಮೆ ಕೇಳಿ ಅಂದೆ. ಆಯಿತು.

ಏಜೆನ್ಸಿಯಾಕೆಗೆ ವಿಷಯ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಇದು ಬಹಳ ಜನಕ್ಕೆ ಇರುವ ಸಮಸ್ಯೆ ಅಂದರು. ಹಾಗಿದ್ದರೆ ಕಳಿಸುವ ಮೊದಲೇ ನೋಡಬಹುದಿತ್ತಲ್ವಾ ಅಂತ ನನಗೆ ಕೋಪ ಬಂತು, ಹೇಳಿದೆ ಕೂಡ. ಒಳ್ಳೆ ಏಜೆನ್ಸಿ ಅಂದರೂ ಇಷ್ಟೇ. ಕಾಗದ ಸರಿ ಇರುತ್ತದೆ, ಉಳಿದದ್ದನ್ನು ನಾವೇ ನೋಡಬೇಕು.

ಆ ಖಾತೆ ಆದ ಮೇಲೆ ಉಳಿದದ್ದೆಲ್ಲ ಸರಾಗ. ಇ-ಶ್ರಮ್ ಕಾರ್ಡ್ ಮಾಡಿಸಿದೆವು. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಯಾರು ಬೇಕಾದರೂ ಮಾಡಿಸಬಹುದು, ಯಾವ ರಾಜ್ಯಕ್ಕೆ ಹೋದರೂ ಅದೇ ನಂಬರ್. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾವನ್ನು ಅದೇ ಖಾತೆಯಿಂದ ಮಾಡಿಸಿದ್ದಾರೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ನಾಮಿನಿ ಮಗಳು. ಅವರ ಫೋನಿನಲ್ಲಿ ತುರ್ತು ನೆರವಿನ 112, ಮಹಿಳಾ ಸಹಾಯವಾಣಿಯ 181 ಎರಡನ್ನೂ ಹಿಂದಿಯಲ್ಲಿ ಹೆಸರು ಹಾಕಿ ಸೇವ್ ಮಾಡಿಕೊಟ್ಟೆ. ನಮ್ಮ ಮೇಲೆಯೇ ದೂರು ಕೊಡಬೇಕಾದರೂ ಇದೇ ನಂಬರ್ ಅಂದಾಗ ಅವರು ನಕ್ಕರು, ಯಜಮಾನರು ನಗಲಿಲ್ಲ.

ಕರಾರು ಇದ್ದಿದ್ದು ಹನ್ನೊಂದು ತಿಂಗಳಿಗೆ. ಈಗ ಮುಂದುವರಿಸಬೇಕು. ಏಜೆನ್ಸಿಯವರು ಇನ್ನೊಮ್ಮೆ ಪೂರ್ತಿ ಶುಲ್ಕ ಕೇಳಿದರು. ಹೊಸದಾಗಿ ಯಾರನ್ನೂ ಹುಡುಕಿ ಕೊಡುತ್ತಿಲ್ಲವಲ್ಲ, ಯಾತಕ್ಕೆ ಅಂದೆ. ಕಾಲು ಭಾಗಕ್ಕೆ ಇಳಿದಿದ್ದಾರೆ. ಇವರು ಭತ್ತದ ನಾಟಿಗೆ ಊರಿಗೆ ಹೋಗಬೇಕಂತೆ. ಅಷ್ಟು ದಿನಕ್ಕೆ ಬದಲಿ ಕಳಿಸುವುದಾದರೆ ಆ ಕಾಲು ಭಾಗ ಕೊಡೋಣ ಅಂತ ಯಜಮಾನರ ಲೆಕ್ಕ. ಬದಲಿಗೆ ಬರುವವರ ಪಾಸ್‌ಬುಕ್ಕಿಗೆ ಯಾರ ನಂಬರ್ ಜೋಡಿಸಿದೆ ಅಂತ ಈ ಸಲ ಮೊದಲೇ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.